ನಿಕಾಹ್ ದಿನಾಂಕ ನೋಡಿ ಲೇಸರ್ ಬೇಡ

"ಹುಡುಗಿ ಒಳ್ಳೆಯವಳೇ, ಆದರೆ ಕನ್ನಡಕ ಇದೆಯಲ್ಲಾ?" ಮದುವೆ ಮಾತುಕತೆಯಲ್ಲಿ ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕೂಡಲೇ ಮನೆಯವರು ಲೇಸರ್ ಆಪರೇಷನ್‌ಗೆ ಓಡುತ್ತಾರೆ. ಗಲ್ಫಿನಿಂದ ಒಂದು ತಿಂಗಳ ರಜೆಗೆ ಬಂದ ಹುಡುಗರದ್ದೂ ಇದೇ ಅವಸರ.

ಆದರೆ ಲೇಸರ್ ಎಲ್ಲರ ಕಣ್ಣಿಗೂ ಆಗುವುದಿಲ್ಲ. 18 ವರ್ಷ ದಾಟಿರಬೇಕು, ಕಡಿಮೆಯೆಂದರೂ ಒಂದು ವರ್ಷ ಪವರ್ ಬದಲಾಗಿರಬಾರದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಕಾಯಬೇಕು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಆಕಾರವನ್ನು ಲೇಸರ್ ತಿದ್ದುತ್ತದೆ. ಹಾಗೆ ತಿದ್ದುವಾಗ ಅದು ತೆಳ್ಳಗಾಗುತ್ತದೆ. ಮೊದಲೇ ತೆಳ್ಳಗಿದ್ದರೆ ಮುಂದೆ ಉಬ್ಬಿಕೊಂಡು ದೃಷ್ಟಿಯೇ ಕೆಡಬಹುದು. ಆದ್ದರಿಂದ ಸ್ಕ್ಯಾನ್ ನೋಡಿ ಡಾಕ್ಟರು "ಬೇಡ" ಎಂದರೆ ಹಠ ಮಾಡಬಾರದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಸ್ಕ್ಯಾನ್‌ಗೆ ಕೆಲವು ದಿನ ಮೊದಲೇ ಅದನ್ನು ತೆಗೆದಿಡಬೇಕು.

ಆಪರೇಷನ್ ಎಂದರೆ ಹೆದರುವುದು ಬೇಡ. ನೋವು ತಿಳಿಯದಂತೆ ಹನಿ ಮದ್ದು ಹಾಕುತ್ತಾರೆ, ಕೆಲವೇ ನಿಮಿಷಗಳ ಕೆಲಸ, ಅದೇ ದಿನ ಮನೆಗೆ ಬರಬಹುದು. ಜಾಗ್ರತೆ ಬೇಕಾದದ್ದು ಆಮೇಲೆ. ಕಣ್ಣು ಉಜ್ಜಬಾರದು. ಡಾಕ್ಟರು ಹೇಳಿದಷ್ಟು ದಿನ ಕಣ್ಣಿಗೆ ನೀರು ಬೀಳಬಾರದು, ಸುರುಮ ಹಚ್ಚಬಾರದು. ವುಝೂ ಹೇಗೆಂಬ ಚಿಂತೆ ಬೇಡ. ನೀರಿನಿಂದ ತೊಂದರೆಯಾಗುವ ರೋಗಿಗೆ ತಯಮ್ಮುಮ್‌ನ ರಿಯಾಯಿತಿ ಇದೆ. ಕ್ರಮವನ್ನು ಉಸ್ತಾದರಲ್ಲಿ ಮೊದಲೇ ಕೇಳಿಕೊಳ್ಳಿ. ಕೆಲವರಿಗೆ ತಿಂಗಳುಗಟ್ಟಲೆ ಕಣ್ಣು ಒಣಗಿದಂತಾಗುತ್ತದೆ. ನಲವತ್ತು ದಾಟಿದ ಮೇಲೆ ಓದಲು ಕನ್ನಡಕ ಮತ್ತೆ ಬೇಕಾಗಬಹುದು.

ಇಷ್ಟೆಲ್ಲ ತಿಳಿದ ಮೇಲೆ ಹುಡುಗಿಯನ್ನೇ ಕೇಳೋಣ: "ಮೋಳೇ, ನಿನಗೆ ಬೇಕಾ?" ಬೇಡವೆಂದರೆ ಅಲ್ಲಿಗೆ ಬಿಟ್ಟುಬಿಡೋಣ. ಕನ್ನಡಕ ಐಬಲ್ಲ.