ಹಾಲು ಬಿಟ್ಟ ಹಂದಿಮರಿ

ಪ್ರಾಣಿಗಳ ಕರುಳಿನಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಬ್ಯಾಕ್ಟೀರಿಯಗಳು ನೆಲೆಸಿರುತ್ತವೆ. ಅವುಗಳಲ್ಲಿ ಉಪಕಾರಿಗಳೂ ಉಂಟು, ಅಪಕಾರಿಗಳೂ ಉಂಟು. ಇವುಗಳ ನಡುವಣ ಸಮತೋಲ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಆಗತಾನೆ ಹಾಲು ಬಿಡಿಸಿದ ಹಂದಿಮರಿಯೇ ಒಳ್ಳೆಯ ನಿದರ್ಶನ.

ತಾಯಿಯ ಹಾಲನ್ನು ಕುಡಿಯುತ್ತಿರುವವರೆಗೆ ಮರಿಗೆ ಎರಡು ಬಗೆಯ ರಕ್ಷಣೆಯಿರುತ್ತದೆ. ಹಾಲಿನ ಸಕ್ಕರೆಯನ್ನು ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಗಳು ಹುದುಗಿಸಿ ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುತ್ತವೆ. ನಮ್ಮ ಮನೆಗಳಲ್ಲಿ ಮೊಸರು ಹುಳಿಯಾಗುವುದೂ ಈ ಆಮ್ಲದಿಂದಲೇ. ಇಂತಹ ಹುಳಿಯಲ್ಲಿ ರೋಗಕಾರಕಗಳು ಸುಲಭವಾಗಿ ಬೆಳೆಯಲಾರವು. ಅಲ್ಲದೆ ಹಾಲಿನಲ್ಲಿರುವ ಪ್ರತಿಕಾಯಗಳು ಅವು ಕರುಳಿನ ಗೋಡೆಗೆ ಅಂಟಿಕೊಳ್ಳದಂತೆ ತಡೆಯುತ್ತವೆ.

ಸ್ವಾಭಾವಿಕ ಪರಿಸರದಲ್ಲಿ ಮರಿಯು ಹಲವು ವಾರಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಹಾಲು ಬಿಡುತ್ತದೆ. ದೊಡ್ಡ ಹಂದಿಸಾಕಣೆಗಳಲ್ಲಾದರೋ ಮೂರು ನಾಲ್ಕು ವಾರ ತುಂಬುತ್ತಲೇ ಅದನ್ನು ಒಂದೇ ದಿನದಲ್ಲಿ ತಾಯಿಯಿಂದ ಬೇರ್ಪಡಿಸುವುದು ವಾಡಿಕೆ. ಹಾಲಿಗೆ ಬದಲಾಗಿ ಧಾನ್ಯದ ಮೇವು ಎದುರಾಗುತ್ತದೆ. ಕಂಗೆಟ್ಟ ಮರಿಯು ಮೊದಲು ಸರಿಯಾಗಿ ತಿನ್ನುವುದೇ ಇಲ್ಲ. ಕರುಳಿನ ಒಳಮೈಯಲ್ಲಿ ಆಹಾರಾಂಶವನ್ನು ಹೀರುವ ಬೆರಳಿನಾಕಾರದ ಸೂಕ್ಷ್ಮ ಚಾಚುಗಳು ಮೊಟಕಾಗುತ್ತವೆ. ಜಠರವು ಇನ್ನೂ ಸಾಕಷ್ಟು ಆಮ್ಲವನ್ನು ಸ್ರವಿಸಲಾರದು. ಜೀರ್ಣವಾಗದೆ ಉಳಿದ ಪ್ರೋಟೀನು ಅಪಕಾರಿ ಬ್ಯಾಕ್ಟೀರಿಯಗಳಿಗೆ ಆಹಾರವಾಗುತ್ತದೆ.

ಇಂತಹವುಗಳಲ್ಲಿ ಮುಖ್ಯವಾದುದು ಎಷೆರಿಕಿಯ ಕೋಲೈ. ಇದನ್ನು 1885ರಲ್ಲಿ ಥಿಯೊಡೋರ್ ಎಷೆರಿಕ್ ಎಂಬ ವೈದ್ಯನು ಶಿಶುಗಳ ಮಲದಲ್ಲಿ ಕಂಡು ವರ್ಣಿಸಿದನು. ಇದರ ಬಹುಪಾಲು ಬಗೆಗಳು ನಿರಪಾಯಕಾರಿ. ಆದರೆ ಕೆಲವು ಬಗೆಗಳು ಕೂದಲಿನಂತಹ ಎಳೆಗಳಿಂದ ಕರುಳಿನ ಗೋಡೆಯನ್ನು ಹಿಡಿದುಕೊಂಡು ವಿಷವನ್ನು ಸ್ರವಿಸುತ್ತವೆ. ಆಗ ನೀರನ್ನು ಹೀರಬೇಕಾದ ಕರುಳೇ ನೀರನ್ನು ಹೊರಹಾಕತೊಡಗುತ್ತದೆ. ಭೇದಿ ಹೆಚ್ಚಾಗಿ, ದೇಹದ ನೀರೂ ಲವಣಗಳೂ ಬರಿದಾಗಿ ಮರಿ ಸಾಯಬಹುದು.

ಇದನ್ನು ತಡೆಯಲು ಎಲ್ಲ ಮರಿಗಳ ಮೇವಿಗೂ ಪ್ರತಿಜೀವಕ ಔಷಧಗಳನ್ನು ಬೆರೆಸುವ ರೂಢಿ ಅನೇಕ ದೇಶಗಳಲ್ಲಿ ಬೆಳೆಯಿತು. ಅದರ ಅಪಾಯ ಕ್ರಮೇಣ ತಿಳಿದುಬಂದಿತು. ಕೊಲಿಸ್ಟಿನ್ ಎಂಬ ಔಷಧವನ್ನು ಸೋಲಿಸುವ, ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟಬಲ್ಲ ಜೀನೊಂದು ಚೀನದಲ್ಲಿ ಹಂದಿಗಳಲ್ಲಿಯೂ ರೋಗಿಗಳಲ್ಲಿಯೂ ಕಂಡುಬಂದಿರುವುದಾಗಿ 2015ರಲ್ಲಿ ವರದಿಯಾಯಿತು. ಬೇರೆ ಔಷಧಗಳು ವಿಫಲವಾದಾಗ ಮನುಷ್ಯರ ಪ್ರಾಣವುಳಿಸಲು ವೈದ್ಯರು ಬಳಸುವ ಔಷಧವಿದು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಇದರ ಬಳಕೆಯನ್ನು ಭಾರತ ಸರ್ಕಾರವು 2019ರಲ್ಲಿ ನಿಷೇಧಿಸಿತು.

ಹಾಗಾದರೆ ಮರಿಗಳ ಗತಿಯೇನು? ಸ್ವೀಡನ್ ದೇಶದ ಅನುಭವ ಇದಕ್ಕೆ ಉತ್ತರ ಕೊಡುತ್ತದೆ. ಪ್ರಾಣಿಗಳ ಬೆಳವಣಿಗೆಗಾಗಿ ಮೇವಿಗೆ ಪ್ರತಿಜೀವಕಗಳನ್ನು ಬೆರೆಸುವುದನ್ನು ಆ ದೇಶವು 1986ರಲ್ಲಿಯೇ ನಿಲ್ಲಿಸಿತು. ಮೊದಮೊದಲು ಮರಿಗಳ ಭೇದಿ ಹೆಚ್ಚಿ ರೈತರು ಕಷ್ಟಪಟ್ಟರು. ಆದರೆ ಅವರು ಹಾಲು ಬಿಡಿಸುವ ವಯಸ್ಸನ್ನು ಮುಂದೂಡಿದರು, ಮೇವಿನ ಪ್ರೋಟೀನನ್ನು ಮಿತಗೊಳಿಸಿದರು, ಕೊಟ್ಟಿಗೆಗಳನ್ನು ಶುಚಿಯಾಗಿ ಬೆಚ್ಚಗಿಟ್ಟರು. ಕ್ರಮೇಣ ಔಷಧದ ಅಗತ್ಯವೂ ತಗ್ಗಿತು. ಕರುಳಿನ ಸಮತೋಲಕ್ಕೆ ಬೇಕಾದ ಕಾಲಾವಕಾಶವನ್ನು ಮರಿಗೆ ಕೊಡುವುದರಿಂದ ಅದರ ಪ್ರಾಣವೂ ಉಳಿಯುತ್ತದೆ. ಮನುಷ್ಯರಿಗೆ ಬೇಕಾದ ಔಷಧದ ಶಕ್ತಿಯೂ ಉಳಿಯುತ್ತದೆ.