ಕೆಂಪು ಗೆರೆಯ ಮಾತ್ರೆ

ಮಳೆಗಾಲದ ನೆಗಡಿಗೆ ಔಷಧಿ ಅಂಗಡಿಯಿಂದ ಆ್ಯಂಟಿಬಯಾಟಿಕ್ ಕೇಳಿ ತರುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ನೆಗಡಿ ವೈರಸ್ಸಿನದು, ಈ ಮಾತ್ರೆ ಅದಕ್ಕೆ ತಾಗದು. ಆದರೆ ಮೈಯೊಳಗಿನ ಬ್ಯಾಕ್ಟೀರಿಯಾಗಳಲ್ಲಿ ದುರ್ಬಲವಾದವು ಸತ್ತು, ಮದ್ದಿಗೆ ಬಗ್ಗದವು ಉಳಿದು ಹೆಚ್ಚುತ್ತವೆ. ಅವು ಭಟ್ಕಳದಿಂದ ಕುಮಟಾಕ್ಕೆ ಬರಲು ಯಾರ ಅಪ್ಪಣೆಯೂ ಬೇಡ. ಪಟ್ಟಿಯ ಮೇಲಿನ ಉದ್ದನೆಯ ಕೆಂಪು ಗೆರೆಗೆ ಅರ್ಥ, ವೈದ್ಯರ ಚೀಟಿ ಬೇಕು ಎಂದು. ಹೊನ್ನಾವರದ ಅಂಗಡಿಯವರು ಚೀಟಿ ಕೇಳಿದರೆ ದಯವಿಟ್ಟು ಸಿಟ್ಟಾಗಬೇಡಿ.

ಇದೇ ಮದ್ದು ಕೋಳಿ, ಮೀನುಗಳಿಗೂ ಹೋಗುತ್ತದೆ. ಅದಕ್ಕೇ 2017ರ ರಾಷ್ಟ್ರೀಯ ಕ್ರಿಯಾ ಯೋಜನೆ ಆರೋಗ್ಯ, ಪಶುಸಂಗೋಪನೆ, ಪರಿಸರ ಇಲಾಖೆಗಳನ್ನು ಒಟ್ಟಿಗೆ ಕೂರಿಸಿತು. ಮನುಷ್ಯರಿಗೆ ಕೊನೆಯ ಆಸರೆಯಾದ ಔಷಧಿಗಳಲ್ಲೊಂದು ಕೊಲಿಸ್ಟಿನ್. ಅದನ್ನು ಕೋಳಿ, ಜಾನುವಾರು, ಮೀನು ಸಾಕಣೆಗೆ ಮಾರುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಅಘನಾಶಿನಿ ದಡದ ಸೀಗಡಿ ಹೊಂಡಗಳಿಗೂ ಆ ಆಜ್ಞೆ ಅನ್ವಯಿಸುತ್ತದೆ.