ಗಾಯಗೊಂಡ ಪಾರಿವಾಳಕ್ಕೆ ಮೊದಲು ಬೇಕಾದುದೇನು?

ಮಕ್ಕಳೇ, ಪಾರಿವಾಳವನ್ನು ನೋಡದವರು ನಿಮ್ಮಲ್ಲಿ ಯಾರೂ ಇರಲಾರರು. ತುಮಕೂರು ನಗರದ ಹಳೆಯ ಕಟ್ಟಡಗಳ ಸೂರಿನಲ್ಲಿ, ಗುಬ್ಬಿ, ಕುಣಿಗಲ್ ಕಡೆಯ ಕಲ್ಲು ಕಟ್ಟಿದ ಬಾವಿಗಳ ಸಂದುಗಳಲ್ಲಿ ಅವು ಗೂಡು ಮಾಡುತ್ತವೆ. ಬೂದು ಬಣ್ಣದ ಮೈ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ, ಕತ್ತಿನಲ್ಲಿ ಹಸಿರು ಮತ್ತು ನೇರಳೆ ಮಿರುಗು. ಇದರ ವೈಜ್ಞಾನಿಕ ಹೆಸರು ಕೊಲಂಬ ಲಿವಿಯ. ಮೂಲತಃ ಇದು ಬಂಡೆಗಳ ಸಂದಿನಲ್ಲಿ ವಾಸಿಸುವ ಹಕ್ಕಿ. ದೇವರಾಯನದುರ್ಗ, ಹುತ್ರಿದುರ್ಗದಂಥ ಕಲ್ಲುಬೆಟ್ಟಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ನಾವು ಕಟ್ಟಿದ ಗೋಡೆ, ಸೇತುವೆ, ಬಾವಿಗಳೂ ಅದರ ಕಣ್ಣಿಗೆ ಬಂಡೆಗಳೇ! ಆದ್ದರಿಂದಲೇ ಅದು ನಮ್ಮ ನಡುವೆ ಬಂದು ನೆಲೆಸಿದೆ.

ನಮ್ಮ ನಡುವೆ ಬದುಕುವ ಹಕ್ಕಿಗೆ ನಮ್ಮಿಂದಲೇ ಅಪಾಯವೂ ಹೆಚ್ಚು. ವಾಹನಗಳು, ಕಿಟಕಿಯ ಗಾಜು, ವಿದ್ಯುತ್ ತಂತಿ, ಸಾಕಿದ ಬೆಕ್ಕು, ಆಷಾಢದ ಗಾಳಿಗೆ ನಾವು ಹಾರಿಸುವ ಗಾಳಿಪಟದ ದಾರ, ಇವೆಲ್ಲವೂ ಪಾರಿವಾಳವನ್ನು ಗಾಯಗೊಳಿಸುತ್ತವೆ.

ಒಂದು ಬೆಳಿಗ್ಗೆ ನಿಮ್ಮ ಶಾಲೆಯ ಜಗಲಿಯಲ್ಲಿ ಅಂಥ ಪಾರಿವಾಳವೊಂದು ಬಿದ್ದಿದೆ ಎಂದುಕೊಳ್ಳಿ. ಸಾಮಾನ್ಯವಾಗಿ ಏನಾಗುತ್ತದೆ? ಸುತ್ತ ಗುಂಪು ಸೇರುತ್ತದೆ. ಒಬ್ಬರು ಎತ್ತಿ ಎದೆಗೆ ಅವಚಿಕೊಳ್ಳುತ್ತಾರೆ. ಇನ್ನೊಬ್ಬರು ಕೊಕ್ಕು ಬಿಡಿಸಿ ನೀರು ಹನಿಸುತ್ತಾರೆ. ಮತ್ತೊಬ್ಬರು ಕೊಬ್ಬರಿ ಎಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚುತ್ತಾರೆ. ಎಲ್ಲವನ್ನೂ ಪ್ರೀತಿಯಿಂದಲೇ ಮಾಡುತ್ತಾರೆ. ಆದರೂ ಸ್ವಲ್ಪ ಹೊತ್ತಿನಲ್ಲಿ ಹಕ್ಕಿ ಸತ್ತುಹೋಗಬಹುದು. ಗಾಯದಿಂದಲ್ಲ, ನಮ್ಮ ಉಪಚಾರದಿಂದ! ಹಕ್ಕಿಯ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿತರೆ ಹೀಗಾಗದಂತೆ ತಡೆಯಬಹುದು.

ನಿಜವಾಗಿ ಗಾಯವಾಗಿದೆಯೆ?

ಹತ್ತಿರ ಹೋಗುವ ಮೊದಲು ದೂರದಿಂದ ನೋಡಿ. ರೆಕ್ಕೆ ಜೋತುಬಿದ್ದಿದೆಯೆ? ರಕ್ತ ಕಾಣುತ್ತಿದೆಯೆ? ಕಾಲೂರಲು ಆಗುತ್ತಿಲ್ಲವೆ? ನೀವು ಹತ್ತಿರ ಹೋದರೂ ಹಾರದೆ ಮುದುಡಿ ಕುಳಿತಿದೆಯೆ? ಹಾಗಿದ್ದರೆ ಸಹಾಯ ಬೇಕು.

ತಲೆಯ ಮೇಲೆ ಹಳದಿ ಕೂದಲಿನಂಥ ತುಪ್ಪುಳು ಇನ್ನೂ ಉಳಿದಿದ್ದರೆ ಅದು ಮರಿ. ಗರಿ ಪೂರಾ ಬಂದ ಮರಿ ಹಾರಲು ಕಲಿಯುವಾಗ ನೆಲಕ್ಕಿಳಿಯುವುದು ಸಹಜ. ತಾಯಿ ತಂದೆ ಹತ್ತಿರದಲ್ಲೇ ಇರುತ್ತವೆ. ಗಾಯವಿಲ್ಲದಿದ್ದರೆ ನಾಯಿ, ಬೆಕ್ಕು ಬಾರದಂತೆ ದೂರದಿಂದ ಕಾವಲಿರಿ, ಸಾಕು. ಕಾಲಿನಲ್ಲಿ ಸಂಖ್ಯೆಯಿರುವ ಬಳೆ ಕಂಡರೆ ಅದು ಯಾರೋ ಸಾಕಿದ ಪಾರಿವಾಳ. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಹಕ್ಕಿ ತಂತಿಯ ಮೇಲೆ ಸಿಕ್ಕಿಕೊಂಡಿದ್ದರೆ ಅಥವಾ ಬಾವಿಯೊಳಗೆ ಬಿದ್ದಿದ್ದರೆ ನೀವು ಹತ್ತಲೂ ಬಾರದು, ಇಳಿಯಲೂ ಬಾರದು. ದೊಡ್ಡವರಿಗೆ ತಿಳಿಸಿ. ತಂತಿಯ ವಿಷಯವನ್ನು ಬೆಸ್ಕಾಂನ 1912 ಸಂಖ್ಯೆಗೆ ಅವರು ತಿಳಿಸಬಹುದು.

ಎದೆಯನ್ನು ಅದುಮಬೇಡಿ

ನಾವು ಉಸಿರಾಡುವಾಗ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯುವಿನ ಪರದೆ ಮೇಲೆ ಕೆಳಗೆ ಚಲಿಸುತ್ತದೆ. ಹಕ್ಕಿಗಳಿಗೆ ಇಂಥ ವಪೆ ಇಲ್ಲ. ಅವುಗಳ ಎದೆಮೂಳೆಯೇ ಮುಂದಕ್ಕೂ ಹಿಂದಕ್ಕೂ ಚಲಿಸಿ, ದೇಹದೊಳಗಿನ ಗಾಳಿಚೀಲಗಳನ್ನು ತಿದಿಯಂತೆ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ನಾವು ಪ್ರೀತಿಯಿಂದ ಎದೆಗೆ ಅವಚಿಕೊಂಡರೂ ಆ ಮೂಳೆ ಅಲುಗದಂತಾಗುತ್ತದೆ. ಬಾಯಿ, ಮೂಗು ತೆರೆದೇ ಇದ್ದರೂ ಹಕ್ಕಿಗೆ ಉಸಿರು ಕಟ್ಟುತ್ತದೆ.

ಆದ್ದರಿಂದ ದೊಡ್ಡವರನ್ನು ಜೊತೆಗೆ ಕರೆದು, ಹಳೆಯ ಹತ್ತಿಬಟ್ಟೆಯೊಂದನ್ನು ಹಕ್ಕಿಯ ಮೇಲೆ ಮೆಲ್ಲಗೆ ಹೊದಿಸಿ. ಕಣ್ಣಿಗೆ ಕತ್ತಲಾದ ಕೂಡಲೇ ಅದರ ಒದ್ದಾಟ ಕಡಿಮೆಯಾಗುತ್ತದೆ. ಎರಡೂ ರೆಕ್ಕೆಗಳು ಮೈಗೆ ಮಡಚಿರುವಂತೆ ಎರಡು ಕೈಗಳಿಂದ ಸಡಿಲವಾಗಿ ಎತ್ತಿ.

ಕತ್ತಲು, ಬೆಚ್ಚಗೆ, ಮೌನ

ಪಾರಿವಾಳದ ದೃಷ್ಟಿಯಲ್ಲಿ ನಾವು ಯಾರು ಗೊತ್ತೆ? ಬೆಕ್ಕು, ಗಿಡುಗಗಳಂತೆ ತನ್ನನ್ನು ಹಿಡಿದು ತಿನ್ನಲು ಬಂದ ಪ್ರಾಣಿ! ನಾವು ತಲೆ ಸವರಿ ಸಮಾಧಾನ ಹೇಳಿದಷ್ಟೂ ಅದರ ಭಯ ಹೆಚ್ಚುತ್ತದೆ, ಎದೆಬಡಿತ ಏರುತ್ತದೆ. ಮೊದಲೇ ಗಾಯದಿಂದ ಸೋತ ದೇಹ ಇದನ್ನು ತಾಳಲಾರದು. ಈ ಸ್ಥಿತಿಗೆ ಆಘಾತ ಎನ್ನುತ್ತಾರೆ.

ಪಾರಿವಾಳದ ಮೈಬಿಸಿ ಸುಮಾರು 41ರಿಂದ 42 ಡಿಗ್ರಿ ಸೆಲ್ಸಿಯಸ್. ನಮ್ಮದು 37. ಅಷ್ಟು ಬಿಸಿಯನ್ನು ಕಾಯ್ದುಕೊಳ್ಳಲು ಅದರ ಪುಟ್ಟ ದೇಹ ಸದಾ ಶಕ್ತಿ ವ್ಯಯಿಸುತ್ತಿರುತ್ತದೆ. ಆಘಾತವಾದಾಗ ಮೈ ತಣ್ಣಗಾಗತೊಡಗುತ್ತದೆ. ಆದ್ದರಿಂದ ಮೊದಲು ಬೇಕಾದುದು ಔಷಧವಲ್ಲ, ಮೇವೂ ಅಲ್ಲ. ಕತ್ತಲು, ಬೆಚ್ಚಗಿನ ಜಾಗ ಮತ್ತು ಮೌನ.

ಒಂದು ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಹಕ್ಕಿಯನ್ನು ಇಡುವ ಮೊದಲೇ ಪಕ್ಕಗಳಲ್ಲಿ ಗಾಳಿಗೆ ತೂತು ಮಾಡಿ. ತಳಕ್ಕೆ ಹಳೆಯ ಪತ್ರಿಕೆ, ಅದರ ಮೇಲೆ ನೂಲು ಎದ್ದಿರದ ಬಟ್ಟೆ ಹಾಸಿ. ಎದ್ದ ನೂಲು ಬೆರಳಿಗೆ ಸುತ್ತಿಕೊಳ್ಳುತ್ತದೆ. ಹಕ್ಕಿಗೆ ನಿಲ್ಲಲಾಗದಿದ್ದರೆ, ಬಿಂದಿಗೆ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬೆಯ ಹಾಗೆ ಬಟ್ಟೆಯನ್ನು ಸುತ್ತಿ ಅದರೊಳಗೆ ಕೂರಿಸಿ. ಪಕ್ಕಕ್ಕೆ ವಾಲುವುದು ತಪ್ಪುತ್ತದೆ.

ಬೆಚ್ಚಗಿಡುವುದು ಹೇಗೆ? ಬಾಟಲಿಗೆ ಬಿಸಿನೀರು ತುಂಬುವ ಕೆಲಸವನ್ನು ದೊಡ್ಡವರು ಮಾಡಲಿ. ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಯಲ್ಲಿ ಇಡಿ. ಇನ್ನೊಂದು ಬದಿ ತಣ್ಣಗಿರಲಿ. ಸೆಕೆಯಾದರೆ ಹಕ್ಕಿ ಅತ್ತ ಸರಿಯುತ್ತದೆ. ಸರಿಯಲಾರದ ಹಕ್ಕಿ ಬಾಯಿ ತೆರೆದು ಏದುತ್ತಿದ್ದರೆ ಬಾಟಲಿಯನ್ನು ತೆಗೆಯಿರಿ. ಕಡುಬೇಸಿಗೆಯಲ್ಲಿ ಬಿಸಿಲಿಗೆ ಸೋತು ಬಿದ್ದ ಹಕ್ಕಿಗೆ ಬಾಟಲಿ ಬೇಡ, ನೆರಳು ಸಾಕು. ಮುಚ್ಚಿದ ಪೆಟ್ಟಿಗೆಯನ್ನು ಜನ, ನಾಯಿ, ಬೆಕ್ಕು, ಟೀವಿ ಇವುಗಳಿಂದ ದೂರವಿಡಿ. ಮತ್ತೆ ಮತ್ತೆ ತೆರೆದು ನೋಡಬೇಡಿ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ!

ಬಾಯಿಗೆ ನೀರು ಹಾಕಬೇಡಿ

ಹಕ್ಕಿಯ ನಾಲಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ತೆರೆದಿರುತ್ತದೆ. ನಾವು ಕೊಕ್ಕು ಬಿಡಿಸಿ ಹನಿಸಿದ ನೀರು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗಬಹುದು. ಎಚ್ಚರ ತಪ್ಪಿದ ಹಕ್ಕಿಗೆ ನೀರು ಹಾಕುವುದೆಂದರೆ ಅದನ್ನು ನೀರಿನಲ್ಲಿ ಮುಳುಗಿಸಿದಂತೆಯೇ.

ಚೇತರಿಸಿಕೊಂಡು ತಲೆ ಎತ್ತಿ ಕುಳಿತ ಮೇಲೆ, ಮಗುಚದಂಥ ಪುಟ್ಟ ಬಟ್ಟಲಿನಲ್ಲಿ ಎರಡು ಮೂರು ಸೆಂಟಿಮೀಟರ್ ಆಳಕ್ಕೆ ನೀರಿಡಿ. ಕೋಳಿ ಕೊಕ್ಕಿನಲ್ಲಿ ನೀರು ತುಂಬಿಕೊಂಡು ತಲೆ ಮೇಲೆತ್ತಿ ನುಂಗುತ್ತದೆ. ಪಾರಿವಾಳ ಹಾಗಲ್ಲ. ಕೊಕ್ಕನ್ನು ನೀರಿನಲ್ಲಿ ಅದ್ದಿ ತಲೆ ಎತ್ತದೆಯೇ ಹೀರುತ್ತದೆ. ಆದ್ದರಿಂದ ಅದಕ್ಕೆ ತಟ್ಟೆಯ ತೆಳುನೀರು ಸಾಲದು.

ಗಾಯಕ್ಕೆ ಏನು ಮಾಡಬೇಕು?

ಸುಮಾರು 300 ಗ್ರಾಂ ತೂಗುವ ಪಾರಿವಾಳದ ಮೈಯಲ್ಲಿ ಇರುವ ರಕ್ತ ಸುಮಾರು 25 ಮಿಲಿಲೀಟರ್, ಅಂದರೆ ಐದು ಟೀ ಚಮಚದಷ್ಟು. ಒಂದು ಚಮಚ ಹೋದರೂ ಅದಕ್ಕೆ ದೊಡ್ಡ ನಷ್ಟ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಆ ಜಾಗವನ್ನು ಮಾತ್ರ ಕೆಲವು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಬೇಕು.

ಎಣ್ಣೆ, ಮುಲಾಮು ಹಚ್ಚಬಾರದು. ಗರಿಗಳ ನಡುವೆ ನಿಂತ ಗಾಳಿಯೇ ಹಕ್ಕಿಯ ಕಂಬಳಿ. ಎಣ್ಣೆ ತಾಕಿದ ಗರಿಗಳು ಅಂಟಿಕೊಂಡು ಆ ಗಾಳಿ ಹೊರಟುಹೋಗುತ್ತದೆ. ಮೈಬಿಸಿ ಸೋರಿಹೋಗುತ್ತದೆ.

ಕಾಲಿಗೆ ದಾರ ಸುತ್ತಿಕೊಂಡಿದ್ದರೆ ಎಳೆಯಬೇಡಿ. ಅದು ಮಾಂಸದೊಳಗೆ ಇಳಿದಿರುತ್ತದೆ. ಬಿಡಿಸುವ ಕೆಲಸವನ್ನು ವೈದ್ಯರಿಗೆ ಬಿಡಿ. ಬೆಕ್ಕು ಕಚ್ಚಿದ ಹಕ್ಕಿಗೆ ಗಾಯ ಸೂಜಿಮೊನೆಯಷ್ಟೇ ಇದ್ದರೂ ಅದೇ ದಿನ ಚಿಕಿತ್ಸೆ ಬೇಕು. ಬೆಕ್ಕಿನ ಬಾಯಿಯ ರೋಗಾಣುಗಳು ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನಗಳಲ್ಲೇ ಅದು ಸಾಯುತ್ತದೆ.

ರೆಕ್ಕೆ ಮುರಿದಿದ್ದರೆ ಕಾಯುವಂತಿಲ್ಲ. ಹಕ್ಕಿಯ ಮೂಳೆ ನಮ್ಮ ಮೂಳೆಗಿಂತ ಬೇಗ, ಎರಡು ಮೂರು ವಾರಗಳಲ್ಲೇ ಕೂಡಿಕೊಳ್ಳತೊಡಗುತ್ತದೆ. ಸರಿಯಾಗಿ ಜೋಡಿಸದಿದ್ದರೆ ಸೊಟ್ಟಗೆ ಕೂಡಿ, ಹಕ್ಕಿ ಬದುಕಿದರೂ ಮತ್ತೆ ಹಾರುವುದಿಲ್ಲ. ಕಡ್ಡಿ ಇಟ್ಟು ಬಿಗಿಯಾಗಿ ಕಟ್ಟುವುದು ನಮ್ಮ ಕೆಲಸವಲ್ಲ. ಬಿಗಿದ ಕಟ್ಟು ಎದೆಮೂಳೆಯನ್ನೂ ತಡೆಯುತ್ತದೆ.

ಯಾರಿಗೆ ತಿಳಿಸಬೇಕು?

ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಹಸು, ಎಮ್ಮೆ ನೋಡುವ ವೈದ್ಯರು ಹಕ್ಕಿಯನ್ನೂ ನೋಡಬಲ್ಲರು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಅರಣ್ಯ ಇಲಾಖೆಯ ಸಹಾಯವಾಣಿ 1926. ಅಂಕಿಗಳು ಅವೇ, ಕ್ರಮ ಬೇರೆ. ಸರಿಯಾಗಿ ನೆನಪಿಡಿ. ಬೆಂಗಳೂರಿನ ಕೆಂಗೇರಿ ಬಳಿ 'ಪೀಪಲ್ ಫಾರ್ ಅನಿಮಲ್ಸ್' ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ದೆಹಲಿಯ ಕೆಂಪುಕೋಟೆಯ ಎದುರಿನ ಜೈನ ಮಂದಿರದಲ್ಲಿ ಹಕ್ಕಿಗಳಿಗೆಂದೇ ಒಂದು ಧರ್ಮಾರ್ಥ ಆಸ್ಪತ್ರೆ ನಡೆಯುತ್ತಿದೆ!

ಯಾವ ಮೇವು?

ವೈದ್ಯರನ್ನು ಕಾಣಲು ಮರುದಿನದವರೆಗೆ ಕಾಯಬೇಕಾದರೆ, ಹಕ್ಕಿ ಚೇತರಿಸಿಕೊಂಡ ಮೇಲೆ ಮೇವಿಡಬಹುದು. ಪಾರಿವಾಳ ಕಾಳು ತಿನ್ನುವ ಹಕ್ಕಿ. ರಾಗಿ, ಜೋಳ, ಗೋಧಿ, ಹೆಸರುಕಾಳು ಸಾಕು. ಬ್ರೆಡ್ಡು, ಖಾರದ ಪುರಿ, ಬಿಸ್ಕತ್ತು ಬೇಡ. ಹಸುವಿನ ಹಾಲಂತೂ ಬೇಡವೇ ಬೇಡ. ಅದರಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಹಕ್ಕಿಗಳಿಗೆ ಜೀರ್ಣವಾಗುವುದಿಲ್ಲ. ಪಾರಿವಾಳಗಳು ಮರಿಗಳಿಗೆ 'ಹಾಲು' ಕೊಡುತ್ತವೆ ಎಂದು ನೀವು ಓದಿರಬಹುದು. ಅದು ಬೇರೆಯೇ ವಸ್ತು. ಕೊರಳಿನ ಬುಡದಲ್ಲಿ ಕಾಳು ಕೂಡಿಡುವ ಚೀಲದ ಒಳಪದರದಿಂದ ತಾಯಿ ತಂದೆ ಎರಡೂ ತಯಾರಿಸುವ ಮೊಸರಿನಂಥ ಆಹಾರ ಅದು.

ನಿಮಗೆ ಸಿಕ್ಕಿದ್ದು ಹಸಿರು ಮೈ, ಹಳದಿ ಕಾಲಿನ ಹಕ್ಕಿಯಾದರೆ ಅದು ಹಸಿರು ಪಾರಿವಾಳ. ಅದಕ್ಕೆ ಕಾಳಲ್ಲ, ಆಲ, ಅತ್ತಿಯಂಥ ಹಣ್ಣುಗಳು ಬೇಕು.

ನಮ್ಮ ಆರೋಗ್ಯ

ಹಕ್ಕಿಯನ್ನು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಒಣಗಿದ ಹಿಕ್ಕೆಯ ದೂಳಿನಿಂದ ಶ್ವಾಸಕೋಶದ ಕಾಯಿಲೆಗಳು ಬರಬಹುದು. ಆದ್ದರಿಂದ ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ದೊಡ್ಡವರೇ ಅದನ್ನು ತೆಗೆಯಲಿ. ಪೆಟ್ಟಿಗೆ ಅಡುಗೆಮನೆಯಲ್ಲಿ ಬೇಡ. ಗಾಯವಿಲ್ಲದೆ ಕತ್ತು ತಿರುಚಿಕೊಂಡು ಗಿರಗಿರನೆ ಸುತ್ತುವ ಪಾರಿವಾಳಕ್ಕೆ ವೈರಸ್ ರೋಗ ತಗುಲಿರಬಹುದು. ಕೋಳಿಗಳಿಗೆ ಕೊಕ್ಕರೆ ರೋಗ ತರುವ ವೈರಸ್ಸಿನ ಹತ್ತಿರದ ಬಂಧು ಅದು. ಆದ್ದರಿಂದ ಮನೆಯ ಕೋಳಿಗಳಿಂದ ಪಾರಿವಾಳ ದೂರವಿರಲಿ. ಒಂದೇ ಕಡೆ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಮುಟ್ಟಲೇಬಾರದು. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು.

ಹಾರಲು ಬಿಡುವುದು

ವಾಸಿಯಾದ ಹಕ್ಕಿಯನ್ನು ಸಾಕಿಕೊಳ್ಳೋಣ ಎನಿಸುವುದು ಸಹಜ. ಆದರೆ ಕಾಡುಹಕ್ಕಿಗಳು ಯಾರ ಸ್ವತ್ತೂ ಅಲ್ಲ. ಅವುಗಳ ರಕ್ಷಣೆಗೆಂದೇ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಜೊತೆಗೆ, ಆ ಹಕ್ಕಿಯ ಜೋಡಿ, ಗೂಡಿನಲ್ಲಿ ಮರಿಗಳು ಕಾಯುತ್ತಿರಬಹುದು. ವೈದ್ಯರು ಒಪ್ಪಿದ ಮೇಲೆ, ಮಳೆಯಿಲ್ಲದ ಒಂದು ಬೆಳಿಗ್ಗೆ, ಅದು ಸಿಕ್ಕಿದ ಜಾಗಕ್ಕೇ ಒಯ್ದು ಪೆಟ್ಟಿಗೆ ತೆರೆದು ದೂರ ಸರಿಯಿರಿ. ಮೇಲಕ್ಕೆ ಎಸೆಯಬೇಡಿ. ಅದು ತಾನಾಗಿಯೇ ಹಾರಲಿ.

ಎಷ್ಟು ಜೋಪಾನ ಮಾಡಿದರೂ ಕೆಲವು ಹಕ್ಕಿಗಳು ಉಳಿಯುವುದಿಲ್ಲ. ಆಗ ಬೇಸರವಾಗುತ್ತದೆ. ಕೊನೆಯ ಹೊತ್ತಿನಲ್ಲಿ ಅದಕ್ಕೆ ಭಯವಿಲ್ಲದ ಬೆಚ್ಚಗಿನ ಜಾಗ ಸಿಕ್ಕಿತಲ್ಲ, ಅದೂ ದೊಡ್ಡ ಉಪಕಾರವೇ.

ಗಾಯವೇ ಆಗದಂತೆ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು. ನೈಲಾನ್ ದಾರ ಮತ್ತು ಗಾಜಿನ ಪುಡಿ ಬಳಿದ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ದೇಶದಾದ್ಯಂತ ನಿಷೇಧಿಸಿತು. ಈ ಆಷಾಢದಲ್ಲಿ ಸಾದಾ ನೂಲಿನಿಂದಲೇ ಗಾಳಿಪಟ ಹಾರಿಸಿ. ಮರದಲ್ಲಿ, ಆವರಣದಲ್ಲಿ ಸಿಕ್ಕಿಕೊಂಡು ಕೈಗೆಟುಕುವ ದಾರವನ್ನು ಬಿಡಿಸಿ, ಸುತ್ತಿ, ಕತ್ತರಿಸಿ ಕಸದಬುಟ್ಟಿಗೆ ಹಾಕಿ.

ನೀವೇ ನೋಡಿ ತಿಳಿಯಿರಿ

1. ಕೋಳಿ, ಕಾಗೆ, ಪಾರಿವಾಳ ನೀರು ಕುಡಿಯುವುದನ್ನು ದೂರದಿಂದ ಗಮನಿಸಿ. ಯಾವುದು ತಲೆ ಎತ್ತುತ್ತದೆ? ಯಾವುದು ಎತ್ತುವುದಿಲ್ಲ?

2. ನಿಮ್ಮ ಊರಿನ ಹತ್ತು ಪಾರಿವಾಳಗಳ ಕಾಲುಗಳನ್ನು ದೂರದಿಂದಲೇ ನೋಡಿ. ಎಷ್ಟಕ್ಕೆ ದಾರ ಸುತ್ತಿಕೊಂಡಿದೆ? ಎಷ್ಟಕ್ಕೆ ಬೆರಳು ಇಲ್ಲ? ಪಟ್ಟಿ ಮಾಡಿ ತರಗತಿಯಲ್ಲಿ ಚರ್ಚಿಸಿ.

3. ಶಾಲೆಯಲ್ಲಿ ತೂತು ಮಾಡಿದ ರಟ್ಟಿನ ಪೆಟ್ಟಿಗೆ ಮತ್ತು ಹಳೆಯ ಹತ್ತಿಬಟ್ಟೆ ಸದಾ ಸಿದ್ಧವಿರಲಿ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಹೀಗೆ ಬರೆಯಿರಿ: ಕತ್ತಲು, ಬೆಚ್ಚಗೆ, ಮೌನ. ಬಾಯಿಗೆ ನೀರು ಹಾಕಬೇಡಿ.